ಮದರಬಿ ಮುಂಬಯಿಯಲ್ಲಿ ಉಂಡದ್ದು

ಬೈಲಹೊಂಗಲದ ಮದರಬಿ ಮದುವೆ ಮನೆಗಳಿಗೆ ಅಡುಗೆ ಮಾಡುವವಳು. ಆಕೆ ಹಂಡೆಯಂಥ ಡೇಗಿಗೆ ಸೌಟು ಹಾಕಿದಳೆಂದರೆ ಕಿತ್ತೂರಿನಿಂದ ರಾಮದುರ್ಗದವರೆಗೆ ಯಾವ ಬೀಗರಿಗೂ ಊಟದ ಬಗ್ಗೆ ತಕರಾರು ತೆಗೆಯುವ ಧೈರ್ಯ ಇರುತ್ತಿರಲಿಲ್ಲ. ಅದಕ್ಕೆ ಆಕೆಯ ಕೈರುಚಿ ಒಂದು ಕಾರಣ, ಆಕೆಯ ಬಾಯಿ ಇನ್ನೊಂದು. ಸವದತ್ತಿಯ ಒಂದು ಮದುವೆಯಲ್ಲಿ ಖಾಜಿ ಸಾಹೇಬರು ದುವಾ ಓದುತ್ತ ಓದುತ್ತ ಮೈಮರೆತಾಗ, ಪರದೆಯ ಹಿಂದಿನಿಂದ, "ಖಾಜಿ ಸಾಹೇಬ್ರ, ನಿಕಾ ತಡಾ ಆದ್ರ ಯಾರಿಗೂ ಏನೂ ಆಗಂಗಿಲ್ಲ. ಊಟ ತಡಾ ಆದ್ರ ಅಕ್ಕಿ ಮುದ್ದಿ ಆಗತೈತಿ" ಎಂದು ಹೇಳಿದ್ದಳು. ಖಾಜಿ ಸಾಹೇಬರು ಬೇಗನೆ ಆಮೀನ್ ಹೇಳಿ ಮುಗಿಸಿದರು. ಅವರಿಗೂ ಹಸಿವಾಗಿತ್ತು.

ಇಂಥ ಮದರಬಿ ಒಬ್ಬನ ಮುಂದೆ ಮಾತ್ರ ಇಪ್ಪತ್ನಾಲ್ಕು ವರ್ಷ ಬಾಯಿ ಮುಚ್ಚಿಕೊಂಡಿದ್ದಳು. ಅವನು ಆಕೆಯ ಗಂಡ ಖಾಸಿಮಸಾಬ, ಬಜಾರದಲ್ಲಿ ಟೇಲರ್. ಹರೆಯದಲ್ಲಿ ಎರಡು ವರ್ಷ ಮುಂಬಯಿಯಲ್ಲಿದ್ದು ಬಂದವನು. ಕೊಲಾಬಾದ ದೊಡ್ಡ ಸೂಟಿನ ಅಂಗಡಿಯಲ್ಲಿ ಕಟಿಂಗ್ ಮಾಡುತ್ತಿದ್ದನಂತೆ, ಸಿನಿಮಾ ಹೀರೋಗಳ ಪ್ಯಾಂಟು ಅವನ ಕೈಯಿಂದಲೇ ಹೋಗುತ್ತಿದ್ದವಂತೆ. ಯಾವ ಹೀರೋನ ಸೊಂಟ ಎಷ್ಟು ಎಂದು ಕೇಳಿದರೆ ತಟ್ಟನೆ ಹೇಳುತ್ತಿದ್ದ. ಬಸ್ಸು ತಡವಾದರೆ, "ಮುಂಬಯ್ಯಾಗ ಹಿಂಗಿರಂಗಿಲ್ಲ." ಚಹಾ ತೆಳುವಾದರೆ, "ಮುಂಬಯ್ಯಾಗ ಹಿಂಗಿರಂಗಿಲ್ಲ." ನೊಣ ಕೂತರೂ ಮುಂಬಯಿಯ ನೊಣದ ನಡಾವಳಿ ಬೇರೆ. ಇನ್ನು ಅಡುಗೆಮನೆಗೆ ಅವನು ಕಾಲಿಡುತ್ತಿರಲಿಲ್ಲ. "ಟೇಲರ್ ಕೈಗೆ ಉಳ್ಳಾಗಡ್ಡಿ ವಾಸನಿ ಹತ್ತಿದ್ರ ಸಾಹೇಬರ ಸೂಟಿಗೂ ಹತ್ತತೈತಿ" ಅನ್ನುತ್ತಿದ್ದ. ಬೈಲಹೊಂಗಲದಲ್ಲಿ ಯಾವ ಸಾಹೇಬನೂ ಅವನಲ್ಲಿ ಸೂಟು ಹೊಲಿಸಿರಲಿಲ್ಲ. ಅವನು ಹೊಲಿಯುತ್ತಿದ್ದದ್ದು ಸಾಲಿ ಹುಡುಗರ ಖಾಕಿ ಚಡ್ಡಿ ಮತ್ತು ರೈತರ ಪಟ್ಟಾಪಟ್ಟಿ.

ಮದರಬಿ ಇದನ್ನೆಲ್ಲ ನಂಬಿದ್ದಳು. ಬೆಳಗಾವಿ ದಾಟಿ ಹೋಗದವಳು ನಂಬದೆ ಏನು ಮಾಡಿಯಾಳು? ಆದರೆ ೧೯೯೭ರ ಡಿಸೆಂಬರಿನಲ್ಲಿ ಕಿತ್ತೂರಿನ ಒಂದು ಮದುವೆಯಲ್ಲಿ ಅವನು ಹತ್ತು ಮಂದಿಯ ಪಂಕ್ತಿಯಲ್ಲಿ ಕೂತು ಆಕೆ ಮಾಡಿದ ಬಿರಿಯಾನಿ ತಿನ್ನುತ್ತ, "ಚಲೋ ಐತಿ. ಆದ್ರ ಮುಂಬಯಿ ಬಿರಿಯಾನಿ ಬ್ಯಾರೆ ಬಿಡ್ರಿ" ಅಂದ. ಮದರಬಿ ಅಲ್ಲೇ ನಿಂತಿದ್ದಳು. ಸೌಟು ಕೆಳಗಿಟ್ಟಳು.

"ನಡೀರಿ."

"ಎಲ್ಲಿಗೆ?"

"ಮುಂಬಯಿಗೆ. ರಂಜಾನ್ ರೋಜಾ ಸುರು ಆಗೂದ್ರಾಗ ಆ ಬ್ಯಾರೆ ಬಿರಿಯಾನಿ ಉಂಡು ಬರೂಣು."

ಖಾಸಿಮಸಾಬ ನಕ್ಕು ತೇಲಿಸಿದ. ಮರುದಿನ ಅರ್ಜೆಂಟ್ ಆರ್ಡರ್ ಇದೆ ಅಂದ. ಅದರ ಮರುದಿನ ಸೊಂಟ ಹಿಡಿದಿದೆ ಅಂದ. ಪಕ್ಕದ ಮನೆಯ ಲಗಮಪ್ಪ ಸರ್ಕಾರಿ ಬಸ್ಸಿನ ಡ್ರೈವರ್. ಮದರಬಿ ಅವನಿಗೆ ಹೇಳಿ ಬೆಳಗಾವಿಯಿಂದ ಮುಂಬಯಿ ಬಸ್ಸಿನ ಎರಡು ಟಿಕೇಟು ತರಿಸಿ ಗಂಡನ ಹೊಲಿಗೆ ಮಶೀನಿನ ಮೇಲೆ ಇಟ್ಟಳು. ಅವನು ಅವನ್ನು ಹಾವು ಕಂಡಂತೆ ನೋಡಿದ. ಆಮೇಲೆ ಬೇರೆ ದಾರಿ ಕಾಣದೆ ತನಗೊಂದು ಸಫಾರಿ ಹೊಲಿದುಕೊಂಡ. ಮದರಬಿ ಇಪ್ಪತ್ತು ಖಡಕ್ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡಳು.

"ಊಟಾ ಮಾಡಾಕ ಹೊಂಟೇವಿ. ಬುತ್ತಿ ಯಾಕ?" ಅಂದ.

"ನಿಮ್ಮ ಮುಂಬಯಿ ಮ್ಯಾಲೆ ನನಗ ಭರೋಸಾ ಐತಿ. ಹೊಟ್ಟಿಗೆ ಇರಬೇಕಲ್ಲ" ಅಂದಳು.

ದಾದರದಲ್ಲಿ ಇಳಿದಾಗ ಬೆಳಗಿನ ಏಳು ಗಂಟೆ. ಖಾಸಿಮಸಾಬ ಸಫಾರಿಯ ಕಾಲರ್ ಸರಿಮಾಡಿಕೊಂಡು ನಾಲ್ಕೂ ದಿಕ್ಕು ನೋಡಿದ. ಯಾವ ದಿಕ್ಕೂ ಅವನ ಗುರುತು ಹಿಡಿಯಲಿಲ್ಲ. ಆದರೂ ಲೋಕಲ್ ರೈಲಿನ ಒಂದು ಪ್ಲಾಟ್‌ಫಾರ್ಮಿಗೆ ಕರೆದುಕೊಂಡು ಹೋಗಿ, "ನೀ ಹೆಣ್ಣಮಕ್ಕಳ ಡಬ್ಬಿ ಹತ್ತು, ನಾ ಗಂಡಸರದು ಹತ್ತತೇನಿ. ಸಮುದ್ರ ಕಂಡ ಕೂಡ್ಲೇ ಇಳೀಬೇಕು" ಅಂದ. ಅಷ್ಟರಲ್ಲಿ ರೈಲು ಬಂತು. ಹತ್ತುವ ಪ್ರಶ್ನೆಯೇ ಬರಲಿಲ್ಲ, ಮಂದಿಯೇ ಇಬ್ಬರನ್ನೂ ಎತ್ತಿ ಒಳಗೆ ಹಾಕಿದರು.

ಡಬ್ಬಿಯೊಳಗೆ ಒಬ್ಬ ಮರಾಠಿ ಹೆಂಗಸು ತೊಡೆಯ ಮೇಲೆ ಬಟಾಣಿಯ ಚೀಲ ಇಟ್ಟುಕೊಂಡು ಸುಲಿಯುತ್ತಿದ್ದಳು. ಸುಮ್ಮನೆ ಕೂಡುವುದು ಮದರಬಿಯ ಜಾಯಮಾನವಲ್ಲ. ಅರ್ಧ ಚೀಲ ತನ್ನ ಕಡೆ ಎಳೆದುಕೊಂಡಳು. ಇಬ್ಬರೂ ಸುಲಿಯುತ್ತ ಸಂಸಾರ, ಸೊಸೆ, ಮಂಡಿನೋವು ಎಲ್ಲ ಮಾತಾಡಿದರು. ಬಟಾಣಿ ಮುಗಿದರೂ ಸಮುದ್ರ ಬರಲಿಲ್ಲ. ರೈಲು ಬೊರಿವಲಿಯಲ್ಲಿ ನಿಂತು, ಇನ್ನು ಮುಂದೆ ಹೋಗುವುದಿಲ್ಲ ಎಂದಿತು. ಖಾಸಿಮಸಾಬ ಪ್ಲಾಟ್‌ಫಾರ್ಮಿನಲ್ಲಿ ಬೆವರು ಒರೆಸಿಕೊಳ್ಳುತ್ತ ನಿಂತಿದ್ದ. ಸಫಾರಿಯ ಎರಡು ಗುಂಡಿ ಮುಂಬಯಿಯ ಪಾಲಾಗಿದ್ದವು.

"ಸಮುದ್ರ ಎಲ್ಲಿ?" ಮದರಬಿ ಕೇಳಿದಳು.

"ಮೊದಲ ಇಲ್ಲೇ ಇತ್ತು. ಹಿಂದ ಸರಿಸ್ಯಾರ ಕಾಣತೈತಿ."

ಮದರಬಿ ಎದುರಿನ ಪ್ಲಾಟ್‌ಫಾರ್ಮಿಗೆ ನಡೆದಳು. ಬಟಾಣಿಯ ಹೆಂಗಸು ದಾರಿ ಹೇಳಿಕೊಟ್ಟಿದ್ದಳು. ಬಂದ ದಿಕ್ಕಿಗೇ ವಾಪಸು ಹೋಗಿ ಕಡೆಯ ಸ್ಟೇಷನ್ನಿನಲ್ಲಿ ಇಳಿಯಬೇಕು. ಅಲ್ಲಿಂದ ಮುಂದೆ ಮೂರು ದಿನವೂ ಮದರಬಿ ಮುಂದೆ, ಖಾಸಿಮಸಾಬ ಹಿಂದೆ.

ಒಂದು ಮುಸಾಫಿರಖಾನೆಯಲ್ಲಿ ಗಂಟು ಇಟ್ಟು ಇಬ್ಬರೂ ಊರು ನೋಡಿದರು. ಗೇಟ್‌ವೇ ನೋಡಿ ಮದರಬಿ, "ಬಾಗಲಾ ಕಟ್ಟ್ಯಾರ, ಮನಿ ಕಟ್ಟೂದು ಮರತಾರ" ಅಂದಳು. ದೋಣಿ ಹತ್ತಿ ಸಮುದ್ರದಲ್ಲಿ ಒಂದು ಸುತ್ತು ಹಾಕಿದಾಗ ಖಾಸಿಮಸಾಬ ವಾಂತಿ ಮಾಡಿಕೊಂಡ. ಆಕೆ ಅವನ ಬೆನ್ನು ತಿಕ್ಕುತ್ತಲೇ ಕಡಲೆ ತಿಂದಳು. ಚೌಪಾಟಿಯಲ್ಲಿ ಭೇಳ್ ತಿಂದು, "ಇದು ನಮ್ಮ ಗಿರಮಿಟ್ಟ ರೀ. ಮುಂಬಯಿಗೆ ಬಂದು ಹೆಸರು ಬದಲಿಸ್ಕೊಂಡೈತಿ" ಎಂದು ತೀರ್ಪು ಕೊಟ್ಟಳು. ಪಾವಭಾಜಿಗೆ, "ಉಳಿದ ಪಲ್ಯಾ ಎಲ್ಲಾ ಕೂಡಿಸಿ ಬೆಣ್ಣಿ ಹಾಕಿ ಮುಚ್ಚ್ಯಾರ. ಉಪಾಯ ಚಲೋ ಐತಿ" ಅಂದಳು. ಎರಡು ಪ್ಲೇಟು ತಿಂದಳು.

ಕೊಲಾಬಾದಲ್ಲಿ ಆಕೆ ಗಂಡನ ಸೂಟಿನ ಅಂಗಡಿ ತೋರಿಸಲು ಕೇಳಿದಳು. ಅವನು ಒಂದು ಬ್ಯಾಂಕು ತೋರಿಸಿ, ಅಂಗಡಿ ಇಲ್ಲೇ ಇತ್ತು, ಕೆಡವಿದ್ದಾರೆ ಅಂದ. ಸ್ವಲ್ಪ ಮುಂದೆ ಹೋದ ಮೇಲೆ ಚಪ್ಪಲಿ ಅಂಗಡಿ ತೋರಿಸಿ ಅದನ್ನೇ ಹೇಳಿದ.

"ಎಷ್ಟು ಅಂಗಡ್ಯಾಗ ಕೆಲಸಾ ಮಾಡಿದ್ರಿ ಎರಡು ವರ್ಷದಾಗ?" ಅಂದಳು. ಅವನು ಬಿಸಿಲು ಜಾಸ್ತಿ ಅಂದ.

ಮೂರನೆಯ ದಿನ ಮಧ್ಯಾಹ್ನ ಬಿರಿಯಾನಿಯ ಲೆಕ್ಕ ತೀರಿಸಬೇಕಿತ್ತು. ಭೇಂಡಿಬಜಾರದ ಓಣಿಗಳಲ್ಲಿ ಖಾಸಿಮಸಾಬ ಆಕೆಯನ್ನು ಅತ್ತಿಂದಿತ್ತ ತಿರುಗಿಸಿದ. ಒಂದು ಓಣಿಯ ಬಾಯಿಗೆ ಬಂದಾಗಲೆಲ್ಲ ಅವನ ಕಾಲು ತಾವಾಗಿ ಎದುರು ದಿಕ್ಕಿಗೆ ತಿರುಗುತ್ತಿದ್ದವು. ಆದರೆ ಆ ಓಣಿಯಿಂದಲೇ ಮದರಬಿಯ ಮೂಗಿಗೆ ಹುರಿದ ಉಳ್ಳಾಗಡ್ಡಿ, ಶಾಹಜೀರಾದ ವಾಸನೆ ಬಂತು. ಮೂವತ್ತು ವರ್ಷ ಡೇಗಿನ ಹಬೆ ಕುಡಿದ ಮೂಗು ಅದು. ಆಕೆ ನಡೆದೇಬಿಟ್ಟಳು. ಹಸಿರು ಬಾಗಿಲಿನ ಹಳೆಯ ಹೋಟೆಲು. ಹಣದ ಗಲ್ಲೆಯ ಮೇಲೆ ಎಪ್ಪತ್ತು ದಾಟಿದ ಸೇಠ್ ಒಬ್ಬ ತೂಕಡಿಸುತ್ತಿದ್ದ.

ಖಾಸಿಮಸಾಬ ಕರವಸ್ತ್ರದಿಂದ ಅರ್ಧ ಮುಖ ಮುಚ್ಚಿಕೊಂಡು ಒಳಬಂದ. ಆದರೆ ಅವನ ಕಿವಿಗಳು ಹೊರಗಿದ್ದವು. ಮೊರದಂಥ ಕಿವಿ, ಅವನ್ನು ಒಮ್ಮೆ ನೋಡಿದವರು ಮರೆಯುವಂತಿಲ್ಲ. ಸೇಠ್ ಕಣ್ಣು ಕಿರಿದು ಮಾಡಿ ನೋಡಿ, "ಅರೆ, ಕಾಂದಾ" ಅಂದ.

ಖಾಸಿಮಸಾಬ ಗೋಡೆಯ ಕಡೆ ನೋಡಿದ.

"ಕಾಂದಾ ಖಾಸಿಂ ಅಲ್ಲವೇನೋ ನೀನು?" ಸೇಠ್ ತನ್ನ ಮುಂಬಯಿ ಹಿಂದಿಯಲ್ಲಿ ಮದರಬಿಗೇ ಹೇಳತೊಡಗಿದ. "ಎರಡು ವರ್ಷ ನಮ್ಮ ಹಿಂದಿನ ಅಂಗಳದಲ್ಲಿ ಕಾಂದಾ ಹೆಚ್ಚಿದ ಇವನು. ದಿನಾ ಅಳುತ್ತಿದ್ದ. ಉಳ್ಳಾಗಡ್ಡಿಗೆ ಅಳುತ್ತಿದ್ದಾನೋ ತಾಯಿಯ ನೆನಪಿಗೋ, ನನಗಂತೂ ಗೊತ್ತಾಗಲಿಲ್ಲ. ಒಂದು ದಿನ ಹೇಳದೆ ಕೇಳದೆ ಓಡಿಹೋದ."

 ಖಾಸಿಮಸಾಬನ ಕಿವಿ ಕೆಂಪಾಗಿದ್ದವು. ಅಷ್ಟರಲ್ಲಿ ಬಿರಿಯಾನಿ ಬಂತು. ಮದರಬಿ ಕೈತೊಳೆದು ಬಂದು, ಬಿಸ್ಮಿಲ್ಲಾ ಅಂದು, ಒಂದು ತುತ್ತು ತಿಂದಳು. ಅಕ್ಕಿ ಬೆರಳಿನ ನಡುವೆ ಹಿಸುಕಿ ನೋಡಿದಳು. ಮಾಂಸ ಮುರಿದು ನೋಡಿದಳು. ಆಮೇಲೆ ಹುರಿದ ಉಳ್ಳಾಗಡ್ಡಿಯ ಒಂದು ಎಳೆ ಎತ್ತಿ ಬೆಳಕಿಗೆ ಹಿಡಿದಳು.

"ಸೇಠ್‌ಜಿ, ಕಾಂದಾ ದಪ್ಪ ಆಗಿದೆ. ಇವರು ಓಡಿಹೋದ ಮೇಲೆ ಹೆಚ್ಚುವವರು ಯಾರೂ ಸಿಗಲಿಲ್ಲವೇ?"

ಸೇಠ್ ಮೇಜು ಬಡಿದು ನಕ್ಕ. ಇಬ್ಬರನ್ನೂ ಹಿಂದಿನ ಅಂಗಳಕ್ಕೆ ಕರೆದುಕೊಂಡು ಹೋಗಿ, ಚಾಕು ತರಿಸಿ ಖಾಸಿಮಸಾಬನ ಕೈಗೆ ಕೊಟ್ಟ. ಬೇಡ ಬೇಡ ಅನ್ನುತ್ತಲೇ ಅವನು ಸಫಾರಿಯ ತೋಳು ಮಡಚಿ ಕುಕ್ಕರುಗಾಲಲ್ಲಿ ಕೂತ. ಆಮೇಲೆ ಮದರಬಿ ಕಂಡಂಥದ್ದನ್ನು ಆಕೆ ಜೀವಮಾನದಲ್ಲಿ ಎಂದೂ ನೋಡಿರಲಿಲ್ಲ. ಚಾಕು ಮರದ ಹಲಗೆಯ ಮೇಲೆ ಮಳೆ ಹನಿಯ ಹಾಗೆ ಬಿತ್ತು. ಉಳ್ಳಾಗಡ್ಡಿ ಕೂದಲೆಳೆಯಾಗಿ ರಾಶಿ ಬಿದ್ದಿತು. ಹೋಟೆಲಿನ ಅಡುಗೆಯವರು ಕೆಲಸ ಬಿಟ್ಟು ಬಂದು ನಿಂತರು.

ಹೊರಗೆ ಬಂದು ಒಂದು ಕಟ್ಟೆಯ ಮೇಲೆ ಕೂತ ಮೇಲೆ ಖಾಸಿಮಸಾಬ ತಾನಾಗಿಯೇ ಹೇಳಿದ. "ಟೇಲರಿಂಗ್ ಕಲಿಯಾಕ ಬಂದಿದ್ದೆ. ಮಾಸ್ತರ ಮೂರನೇ ದಿನಕ್ಕ ಹೊರಗ ಹಾಕಿದ. ಊರಿಗೆ ಯಾವ ಮುಖಾ ಇಟಗೊಂಡು ಬರಲಿ? ಹೊಲಿಯೂದು ಆಮ್ಯಾಲೆ ಸವದತ್ತ್ಯಾಗ ಮಾಮಾನ ಕಡೆ ಕಲತೆ."

"ಹೀರೋನ ಸೊಂಟ?"

"ಎಲ್ಲಾರದೂ ಮೂವತ್ತೆರಡು ಅಂತಿದ್ದೆ. ಯಾರು ಅಳದು ನೋಡತಾರ?"

ಮದರಬಿಗೆ ನಗು ಬರುವುದರಲ್ಲಿತ್ತು, ಆದರೆ ಅದಕ್ಕಿಂತ ಮೊದಲು ಸಿಟ್ಟು ಬಂತು. "ಸುಳ್ಳು ಹೇಳಿದ್ದಕ್ಕ ನನಗ ಬ್ಯಾಸರಿಲ್ಲ. ಹರೇದ ಹುಡುಗ, ಹೇಳಿದ್ರಿ. ಆದ್ರ ಇಪ್ಪತ್ನಾಕ ವರ್ಷ ರೀ. ಇಂಥಾ ಕೈ ಮನ್ಯಾಗ ಇಟಗೊಂಡು ನಾ ಉಳ್ಳಾಗಡ್ಡಿ ಹೆಚ್ಚೂ ಆಳು ರಾಚವ್ವನ ಮುಂದ ಕೈ ಮುಗದು ನಿಂದ್ರತಿದ್ದೆ. ಆಕಿ ಹೆಚ್ಚಿದ ಉಳ್ಳಾಗಡ್ಡಿ ಎತ್ತಿನ ಕೊರಳಿಗೆ ಗಂಟಿ ಮಾಡಿ ಕಟ್ಟಬೇಕು, ಅಷ್ಟು ದಪ್ಪ ಇರತಾವ. ಒಂದು ದಿನಾನೂ ನಿಮಗ ಕನಿಕರ ಬರಲಿಲ್ಲೇನು?"

"ಹೆಚ್ಚಿದ್ರ ಗೊತ್ತಾಗತಿತ್ತಲ್ಲ" ಅಂದ ಖಾಸಿಮಸಾಬ. "ಅದಕ್ಕ ಒಳಗ ಬರತಿರಲಿಲ್ಲ."

ಉಳ್ಳಾಗಡ್ಡಿಯ ನೀರು ಅವನ ಕಣ್ಣಿಂದ ಇನ್ನೂ ಇಳಿಯುತ್ತಿತ್ತು. ಮದರಬಿ ಸೆರಗಿನ ತುದಿಯಿಂದ ಅವನ ಗಲ್ಲ ಒರೆಸಿ, "ಏಳ್ರಿ, ಫಾಲೂದಾ ಕುಡಿಯೂಣು. ಅದೂ ಹ್ಯಾಂಗ ಐತಿ ನೋಡಬೇಕು" ಅಂದಳು.

ಊರಿಗೆ ಬಂದ ಮೇಲೆ ಆಕೆ ಯಾರಿಗೂ ಹೇಳಲಿಲ್ಲ. ಹೇಳುವ ಅಗತ್ಯವೂ ಬೀಳಲಿಲ್ಲ, ಏಕೆಂದರೆ ಈದ್ ಕಳೆದು ಮದುವೆಗಳು ಸುರುವಾದಾಗ ಖಾಸಿಮಸಾಬ ಎಲ್ಲರೆದುರಿಗೆ ಚಾಕು ಹಿಡಿದು ಕೂತಿದ್ದ. ರೆಡಿಮೇಡ್ ಅಂಗಡಿಗಳು ಬಂದು ಹೊಲಿಗೆ ಕೆಲಸ ಕಡಿಮೆಯಾಗುತ್ತಿದ್ದ ಕಾಲ, ಎರಡು ವರ್ಷದಲ್ಲಿ ಮಶೀನಿಗೆ ಬಟ್ಟೆ ಹೊದಿಸಿ ಮೂಲೆಗೆ ಸರಿಸಿದ. ರಾಚವ್ವ ಮೊದಲಿಗೆ ಮುನಿಸಿಕೊಂಡಳು. ಮದರಬಿ ಆಕೆಯನ್ನು ಅಕ್ಕಿ ಆರಿಸುವುದಕ್ಕೆ ಕೂಡಿಸಿದಳು. ಆ ಕೆಲಸದಲ್ಲಿ ಆಕೆ ಪುಣ್ಯಕ್ಕೆ ಚುರುಕಾಗಿದ್ದಳು. ಗಂಡ ಹೆಂಡತಿ ಒಂದೇ ಟೆಂಪೋದಲ್ಲಿ ಡೇಗು ಹೇರಿಕೊಂಡು ಹೋಗುವುದು, ದಾರಿಯುದ್ದಕ್ಕೂ ಜಗಳಾಡುವುದು ಸುತ್ತಲಿನ ಊರಿನವರಿಗೆಲ್ಲ ರೂಢಿಯಾಯಿತು.

ಪ್ರತಿ ವರ್ಷ ರೋಜಾಕ್ಕೆ ಮೊದಲು ಇಬ್ಬರೂ ಒಂದು ದೊಡ್ಡ ಊರಿಗೆ ಹೋಗಿ ಉಂಡು ಬರತೊಡಗಿದರು. ಪುಣೆಯ ಮಿಸಳ್ ಮದರಬಿಗೆ ಹಿಡಿಸಿತು, ಪುಣೆಯವರು ಹಿಡಿಸಲಿಲ್ಲ. ಬೆಂಗಳೂರಿನ ಸಾರಿನಲ್ಲಿ ಬೆಲ್ಲ ಸಿಕ್ಕಿದಾಗ ಆಕೆ ಹೇಳಿದ್ದನ್ನು ಇಲ್ಲಿ ಬರೆಯುವಂತಿಲ್ಲ. ೨೦೦೪ರಲ್ಲಿ ಹೈದರಾಬಾದಿಗೆ ಹೋದರು. ಅಲ್ಲಿ ಒಂದು ಸಣ್ಣ ಹೋಟೆಲಿನಲ್ಲಿ ಮೊದಲ ತುತ್ತು ತಿಂದವಳು ಏನೂ ಮಾತಾಡಲಿಲ್ಲ. ಖಾಸಿಮಸಾಬ ಹೆದರಿ, "ಮೈಯಾಗ ಆರಾಮಿಲ್ಲೇನು?" ಅಂದ. ಆಕೆ ಕೈಸನ್ನೆ ಮಾಡಿ ಇನ್ನೊಂದು ಪ್ಲೇಟು ಕೇಳಿದಳು. ಅದು ಮುಗಿದ ಮೇಲೆ ಎದ್ದು ನೇರ ಅಡುಗೆಮನೆಗೆ ಹೋಗಿ, ಮುದುಕ ಬಾವರ್ಚಿಯ ಪಕ್ಕದಲ್ಲಿ ಮಣೆ ಹಾಕಿಕೊಂಡು ಕೂತು, ಸಂಜೆಯವರೆಗೆ ಅವನು ಏನು ಹಾಕಿದ, ಯಾವಾಗ ಹಾಕಿದ ಎಂದು ಕೇಳುತ್ತ ಕೂತಳು. ಚಾರ್ಮಿನಾರನ್ನು ಖಾಸಿಮಸಾಬ ಒಬ್ಬನೇ ನೋಡಿಕೊಂಡು ಬಂದ.