ಮುಚ್ಚಿದ ಚಿಪ್ಪುಗಳನ್ನು ಎಣಿಸಿದ್ದು

ನಾನು ಮರುವಾಯಿ ತಿಂದವಳಲ್ಲ. ಪೂಜೆಯ ಮನೆತನದಲ್ಲಿ ಹುಟ್ಟಿ, ಪ್ರಾಣಿಶಾಸ್ತ್ರ ಓದಿ, ವಾಮಂಜೂರಿನ ಕಾಲೇಜೊಂದರಲ್ಲಿ ಪಾಠ ಮಾಡುವ ನನಗೆ ಈ ಚಿಪ್ಪುಜೀವಿಯ ಹೃದಯ ಎಲ್ಲಿದೆಯೆಂದು ಗೊತ್ತು, ರುಚಿ ಗೊತ್ತಿಲ್ಲ. "ತಿನ್ನದವರಿಗೆ ಇದರ ಚಿಂತೆ ಎಂತಕ್ಕೆ ಟೀಚರೇ?" ಎಂದು, ಮಾದರಿ ಸಂಗ್ರಹಕ್ಕೆ ಹೋದಾಗ ಪರಿಚಯವಾದ, ಕಡಲತೀರದ ಬೆಂಗ್ರೆಯ ಅಕ್ಕ ಕೆಣಕುತ್ತಿದ್ದರು. ನೀರಿಳಿದಾಗ ಅಳಿವೆಯ ದಿಬ್ಬದಲ್ಲಿ ಮರುವಾಯಿ ಹೆಕ್ಕಿ ಮಾರುವುದು ಅವರ ಕಸುಬು.

ಕಳೆದ ಏಪ್ರಿಲಿನಲ್ಲಿ ಅಲ್ಲಿನ ನೀರು ಮಧ್ಯಾಹ್ನಕ್ಕೆ ಸ್ನಾನದ ನೀರಿನಷ್ಟು ಬಿಸಿಯಾಗುತ್ತಿತ್ತು. ಮೊದಲು ಹೀಗಿರಲಿಲ್ಲ ಎಂದು ಬರೆಯಹೋಗಿ ನಿಲ್ಲಿಸುತ್ತೇನೆ. ನೆನಪಿನಲ್ಲಿ ಬಾಲ್ಯದ ನೀರೆಲ್ಲ ತಣ್ಣಗೇ ಇರುತ್ತದೆ. ಕಾಲಿಗೆ ಚಿಪ್ಪು ತಾಗಿ ಗಾಯವಾಗಿದ್ದರಿಂದ ಅಕ್ಕ ಕೆಸರಿಗಿಳಿಯುವಂತಿರಲಿಲ್ಲ; ನನ್ನನ್ನು ಕೇಳಿದರು.

"ಜೀವ ಉಂಟಾ ನೋಡಿ ಹೇಳಿ. ಇದ್ದರೆ ಮಳೆವರೆಗೆ ಮುಟ್ಟುವುದಿಲ್ಲ, ಮರಿ ಆಗಲಿ, ಹೇಗಾದರೂ ಕಾಯುತ್ತೇನೆ. ಇಲ್ಲದಿದ್ದರೆ ಬಲೆ ಹೊಲಿಯುವ ಕೆಲಸಕ್ಕೆ ಈಗಲೇ ಸೇರಬೇಕು, ಮತ್ತೆ ಜಾಗ ಸಿಕ್ಕುವುದಿಲ್ಲ."

ಬಿಸಿ ಏರಿದರೆ ಮರುವಾಯಿ ಚಿಪ್ಪನ್ನು ಬಿಗಿಯಾಗಿ ಮುಚ್ಚಿ, ಎದೆಬಡಿತ ತಗ್ಗಿಸಿ, ಕೆಲಕಾಲ ತಡೆದುಕೊಳ್ಳುತ್ತದೆ. ಸತ್ತರೆ ಚಿಪ್ಪು ಬಾಯಿಬಿಡುತ್ತದೆ. ಇಷ್ಟು ನನಗೆ ಗೊತ್ತಿತ್ತು. ಅಗೆದು, ಮುಚ್ಚಿದವುಗಳನ್ನು ಎಣಿಸಿ, ಹೆಚ್ಚಿನವು ಬದುಕಿವೆ ಎಂದೆ. 'ಬಹುಶಃ' ಎಂದೂ ಸೇರಿಸಿದ್ದೆನೆಂದು ನೆನಪು. ದಿನಚರಿಯಲ್ಲಿ ಆ ಪದವಿಲ್ಲ.

ಎರಡು ವಾರದ ಮೇಲೆ ಗಾಯ ಮಾಗಿ ಅವರೇ ಇಳಿದರು. ಎರಡು ಮರುವಾಯಿಗಳನ್ನು ಒಂದಕ್ಕೊಂದು ಬಡಿದರು. ಮಂಕು ಸದ್ದು. ಇನ್ನೆರಡು, ಅದೇ ಸದ್ದು. ಒಂದನ್ನು ಬಿಡಿಸಿದರೆ ಒಳಗೆ ಜೀವವಿಲ್ಲ, ಬರೀ ಕಪ್ಪು ಕೆಸರು; ಅದರ ಹಿಡಿತಕ್ಕೇ ಚಿಪ್ಪು ಮುಚ್ಚಿಕೊಂಡಿತ್ತು.

"ನೀವು ಬಡಿದು ನೋಡಲಿಲ್ವಾ?"

"ಇಲ್ಲ. ಗೊತ್ತಿರಲಿಲ್ಲ."

"ಸಾರಿಗೆ ಹಾಕುವ ಮೊದಲು ಎಲ್ಲರೂ ಬಡಿಯುತ್ತಾರೆ ಮಾರಾಯ್ರೆ. ಕೆಸರಿನದ್ದು ಒಂದು ಬಿದ್ದರೆ ಇಡೀ ಪಾತ್ರೆ ಹೋಯಿತು." ನಗಲು ನೋಡಿದರು, ಆಗಲಿಲ್ಲ. ಬಲೆಯ ಕೆಲಸಕ್ಕೆ ಆಗಲೇ ಬೇರೆಯವರು ಸೇರಿದ್ದರು.

ಕ್ಷಮೆ ಕೇಳಿದೆ. ಅವರು ಕೆಸರಿನೊಳಗೆ ಮೊಣಕೈವರೆಗೆ ತೋಳಿಳಿಸಿ, ತಣ್ಣನೆಯ ಪದರದಿಂದ ಏಳೆಂಟನ್ನು ಎತ್ತಿದರು. ಬಡಿದಾಗ ಕಲ್ಲಿಗೆ ಕಲ್ಲು ತಾಗಿದಂಥ ಸದ್ದು.

"ಇವು ಕೆಳಗೆ ಹೋಗಿ ಕೂತಿದ್ದಾವೆ."

ಅಂದಿನ ಊಟಕ್ಕಾದರೂ ಆಗುತ್ತಿದ್ದವು. ಅವರು ಒಂದೊಂದನ್ನೇ ಅದೇ ಆಳಕ್ಕೆ ಮರಳಿ ಹೂತು, ಕೈ ತೊಳೆದು, ಬಲೆಯ ಶೆಡ್ಡಿನ ಕಡೆ ಹೊರಟರು. ನಾನೂ ಹಿಂದೆಯೇ ಹೋಗಿ, ತಪ್ಪಾಗಿ ಎಣಿಸಿ ಅಕ್ಕನನ್ನು ತಡೆದದ್ದು ನಾನೆಂದು ಅಲ್ಲಿ ಹೇಳಿದೆ. ಶೆಡ್ಡಿನವರು ಅಕ್ಕನಿಗೆ ಮಳೆವರೆಗೆ ಅರ್ಧ ದಿನದ ಕೆಲಸ ಕೊಟ್ಟರು. ನನ್ನ ಮಾತು ಕೇಳಿ ಕೊಟ್ಟರೆಂದು ಬರೆಯಲಾರೆ. ನಾನು ಮಾತು ಮುಗಿಸುವಷ್ಟರಲ್ಲೇ ಅಕ್ಕ ಕೂತು ಒಂದು ಹರಿದ ಬಲೆಯನ್ನು ಮಡಿಲಿಗೆಳೆದುಕೊಂಡಿದ್ದರು.