ಗದ್ದೆ ಯಾವುದು, ಕುಣಿ ಯಾವುದು

ಆ ಗೊರಬು ಈಗಲೂ ಕಣ್ಣ ಮುಂದೆ ತೇಲುತ್ತದೆ. ಬಿದಿರು ಹೆಣೆದು ಎಲೆ ತುಂಬಿದ, ಮಳೆಗೆ ತಲೆಯಿಂದ ಬೆನ್ನಿನ ತನಕ ಹೊದೆಯುವ ಗೊರಬು. ಕೆಂಪು ನೀರಿನ ಮೇಲೆ ಬೋರಲಾಗಿ ಬಿದ್ದು ಮೆಲ್ಲಗೆ ತಿರುಗುತ್ತಿತ್ತು. ಅದನ್ನು ಹೊದ್ದಿದ್ದ ನನ್ನ ನೆಗೆಣ್ಣಿ, ನನ್ನ ಭಾವನ ಹೆಂಡತಿ, ಎಲ್ಲಿಯೂ ಕಾಣಲಿಲ್ಲ.

ಎರಡು ಸಾವಿರದ ಇಸವಿಯ ಆಸುಪಾಸಿನ ಮಾತು. ನಮ್ಮೂರು ಖಾನಾಪುರದಿಂದ ಜಾಂಬೋಟಿಯ ಕಡೆಗೆ. ನಮ್ಮ ಭಾಗದ ಜೇಡಿಮಣ್ಣು ಹಂಚಿಗೆ ಬಲು ಒಳ್ಳೆಯದು. ಬೇಸಿಗೆಯಲ್ಲಿ ಹಂಚು ಸುಡುವ ಭಟ್ಟಿಯವರು ಬಂದು ಗದ್ದೆ ಅಗೆದು ಮಣ್ಣು ಒಯ್ಯುತ್ತಾರೆ, ಅಗೆದ ಗುಂಡಿಯನ್ನು, ನಮ್ಮ ಮಾತಿನಲ್ಲಿ ಕುಣಿಯನ್ನು, ಹಾಗೆಯೇ ಬಿಟ್ಟು ಹೋಗುತ್ತಾರೆ. ಆ ವರ್ಷ ಭಾವನೂ ಒಂದು ಗದ್ದೆ ಕೊಟ್ಟಿದ್ದರು. ಅಗೆದವರು ಬದುವಿನ ಬುಡವನ್ನೂ ಬಿಟ್ಟಿರಲಿಲ್ಲ. ಮಳೆ ಹಿಡಿದ ಮೇಲೆ ಕುಣಿ ತುಂಬಿ, ಅದರ ನೀರೂ ಪಕ್ಕದ ಗದ್ದೆಗಳ ನೀರೂ ಒಂದೇ ಮಟ್ಟಕ್ಕೆ ನಿಂತವು. ನಡುವೆ ಆ ಬದು ಒಂದೇ ದಾರಿ.

ನೆಗೆಣ್ಣಿ ಮುಂದೆ, ನಾನು ಹಿಂದೆ, ಇಬ್ಬರ ಕಂಕುಳಲ್ಲೂ ಸಸಿಯ ಕಟ್ಟು. ಹಿಂದಿನ ಸಂಜೆ ಅದೇ ಬದುವಿನ ಮೇಲೆ ನಡೆದು ಮನೆಗೆ ಬಂದಿದ್ದೆವು. "ತಂಗಿ, ಜಾರತೈತಿ, ಬೆರಳ ಊರಿ ನಡಿ" ಎಂದಳು. ಬದು ಕುಸಿಯಿತು. ಸಪ್ಪಳವೂ ಆಗಲಿಲ್ಲ.

ನಾನು ಕೆಸರಿನಲ್ಲಿ ಬೋರಲು ಬಿದ್ದು, ಸೀರೆ ಬಿಚ್ಚಿ ಸೆರಗನ್ನು ಗೊರಬಿನ ಕಡೆಗೆ ಎಸೆದೆ. ಅವಳು ಅದರ ಕೆಳಗೇ ಇರುತ್ತಾಳೆಂದು ಬಗೆದಿದ್ದೆ. ಅವಳ ಕೈ ಮೇಲೆ ಬಂದದ್ದು ಆಚೆ ಮೂಲೆಯಲ್ಲಿ. ಪಕ್ಕದ ಗದ್ದೆಯಲ್ಲಿ ನಾಟಿ ಮಾಡುತ್ತಿದ್ದ ಹೆಂಗಸರು ಓಡಿ ಬಂದು ನನ್ನ ಕಾಲು ಹಿಡಿದುಕೊಂಡರು. ಸೆರಗನ್ನು ಎಳೆದು ಮತ್ತೆ ಎಸೆದೆ. ಈ ಸಲ ಅವಳಿಗೆ ಸಿಕ್ಕಿತು, ಎಲ್ಲರೂ ಸೇರಿ ಎಳೆದು ದಂಡೆಗೆ ತಂದೆವು. ಕನಸಿನಲ್ಲಿ ಮಾತ್ರ ನಾನು ಇಂದಿಗೂ ಗೊರಬಿನ ಕಡೆಗೇ ಎಸೆಯುತ್ತಿರುತ್ತೇನೆ.

ನಾಟಿ ಇನ್ನೂ ಅರ್ಧ ಉಳಿದಿತ್ತು. ಆ ದಾರಿಯಲ್ಲಿ ದಿನಾ ಹೆಂಗಸರು ಓಡಾಡಬೇಕು, ಮಕ್ಕಳು ಶಾಲೆಗೆ ಹೋಗಬೇಕು. ಇನ್ನೊಬ್ಬರು ಬೀಳುವ ಮೊದಲು ಕುಣಿಗೆ ಬೇಲಿ ಆಗಬೇಕು, ಬದುವಿನ ಹತ್ತಿರ ಅಗೆಯುವುದು ನಿಲ್ಲಬೇಕು. ಬೇರೆ ಏನೂ ನನ್ನ ತಲೆಯಲ್ಲಿರಲಿಲ್ಲ. ಬೆಳಗಾವಿಯ ಕಾಲೇಜಿನಲ್ಲಿ ಬಿ.ಎ. ಮಾಡಿದ್ದೆ. ಮಹಿಳಾ ಮೀಸಲಿನಲ್ಲಿ ಗೆದ್ದು ಜಿಲ್ಲಾ ಪಂಚಾಯ್ತಿಯ ಸದಸ್ಯೆಯಾಗಿದ್ದೆ. ಮುಂದಿನ ಸಭೆಯ ದಿನ ಬೆಳಗಿನ ಬಸ್ಸು ಹಿಡಿದೆ.

ಭಟ್ಟಿಯವರ ಪರವಾಗಿ ಸದಾ ಮಾತಾಡುವ ಹಿರಿಯ ಸದಸ್ಯರೊಬ್ಬರಿದ್ದರು. ಸಭೆಯ ಬಾಗಿಲಲ್ಲೇ, ಅತ್ತಿಗೆಯನ್ನು ಕರೆಯುವ ಸಲುಗೆಯಲ್ಲಿ ಕೇಳಿದರು: "ವೈನಿ, ಯಜಮಾನ್ರು ಬಂದಿಲ್ಲೇನ್ರಿ?"

"ಓಟು ಅವರಿಗೆ ಬಿದ್ದಿಲ್ರಿ. ನನಗ ಬಿದ್ದಾವು."

ಸಭೆಯಲ್ಲಿ ವಿಷಯ ಎತ್ತಿದೆ. ಮಣ್ಣು ಗಣಿ ಇಲಾಖೆಯದು, ಹೊಲ ಕಂದಾಯದ್ದು, ನೀರು ನೀರಾವರಿಯವರದು ಎಂದು ಒಬ್ಬೊಬ್ಬರು ಒಂದೊಂದು ಹೇಳಿದರು. ನಾನು ಕೂತುಕೊಳ್ಳಲಿಲ್ಲ.

"ಮಣ್ಣು ಒಬ್ಬರದು, ನೀರು ಒಬ್ಬರದು. ಖರೇ. ಬಿದ್ದಾಕಿ ಯಾರ ಇಲಾಖೆದಾಕಿ, ಅದನ್ನಷ್ಟ ಹೇಳ್ರಿ."

"ಆತು, ಮಳಿ ನಿಲ್ಲಲಿ. ದೀಪಾವಳಿ ಮುಗಿಸಿ ಎಲ್ಲಾರೂ ಹೋಗಿ ನೋಡೂಣು" ಎಂದರು ಹಿರಿಯ ಸದಸ್ಯರು.

ಅದೇ ಅಲ್ಲಿಯ ರೂಢಿ. ತಪಾಸಣೆ ಎಂದರೆ ಮಳೆ ನಿಂತು ಜೀಪಿನ ದಾರಿ ಒಣಗಿದ ಮೇಲೆ. ಆಗ ಕುಣಿಯಲ್ಲಿ ನೀರು ಇಳಿದು ಎಮ್ಮೆಗಳು ಮಲಗಿರುತ್ತವೆ. ನೋಡಿದವರು ಇದರಲ್ಲೇನು ಅಪಾಯ ಎಂದು ಚಹಾ ಕುಡಿದು ಬರುತ್ತಾರೆ.

"ಈ ವಾರನ ಬರ್ರಿ. ಮಳಿಯಾಗನ ಬರ್ರಿ" ಎಂದೆ.

"ಅಲ್ರಿ ವೈನಿ, ಮಣ್ಣು ಕೊಟ್ಟವರು ನಿಮ್ಮ ಭಾವನಾರ ಅಲ್ಲೇನ್ರಿ?"

ಸಭೆ ನಕ್ಕಿತು. "ಹೌದ್ರಿ" ಎಂದೆ. "ಅದಕ್ಕ ಮೊದಲ ನಮ್ಮ ಹೊಲಕ್ಕ ಬರ್ರಿ. ಕಾಯಿದೆ ನಮ್ಮ ಮನಿಯಿಂದನ ಸುರು ಆಗಲಿ."

ಅಧ್ಯಕ್ಷರು ನಗಲಿಲ್ಲ. ವಾರದೊಳಗೆ ಹೋಗುವುದೆಂದು ಹೇಳಿದರು.

ಮನೆಗೆ ಬರುವಷ್ಟರಲ್ಲಿ ಸುದ್ದಿ ನನಗಿಂತ ಮೊದಲೇ ಬಂದಿತ್ತು. "ಮನೀ ಮಾನ ಬೆಳಗಾವಿತನಕ ಒಯ್ದಿ?" ಎಂದರು ಭಾವ. ನಾನು ಬಾಯಿ ತೆರೆಯುವ ಮೊದಲೇ ಒಲೆಯ ಮುಂದಿನಿಂದ ನೆಗೆಣ್ಣಿ ಕೇಳಿದಳು: "ನಾ ಮುಳುಗಿದಾಗ ನಿಮ್ಮ ಮಾನ ಎಲ್ಲಿ ನಿಂತಿತ್ತರಿ, ದಂಡಿ ಮ್ಯಾಲೇನು?" ಭಾವ ಊಟ ಮಾಡದೆ ಎದ್ದು ಹೋದರು.

ಪಂಚಾಯ್ತಿಯವರು ಬಂದ ದಿನ ಮಳೆ ಸುರಿಯುತ್ತಲೇ ಇತ್ತು. ಛತ್ರಿ ಹಿಡಿದು ಅಧ್ಯಕ್ಷರು, ಅಧಿಕಾರಿಗಳು, ಹಿರಿಯ ಸದಸ್ಯರು. ಕುಸಿದ ಬದುವಿನ ಹತ್ತಿರ ನಿಲ್ಲಿಸಿ ಕೇಳಿದೆ: "ಹೇಳ್ರಿ, ಇದರಾಗ ಗದ್ದಿ ಯಾವದು, ಕುಣಿ ಯಾವದು?"

ಎಲ್ಲ ಕಡೆಯೂ ಅದೇ ಕೆಂಪು ನೀರು. ಹಿರಿಯ ಸದಸ್ಯರು ನಕ್ಕು, "ಮೊಳಕಾಲ ಮಟ ಇರಬೇಕು, ತಡೀರಿ" ಎಂದು ಧೋತರ ಎತ್ತಿ ಕಾಲು ಮುಂದಿಟ್ಟರು. ನೆಗೆಣ್ಣಿ ಅವರ ಛತ್ರಿಯ ಕೈಯನ್ನೇ ಗಟ್ಟಿಯಾಗಿ ಹಿಡಿದು ಹಿಂದಕ್ಕೆ ಎಳೆದಳು.

"ಬ್ಯಾಡ್ರಿ ಯಜಮಾನ್ರ. ಆ ಕಡೆ ನಾ ಒಮ್ಮೆ ಹೋಗಿ ಬಂದೇನಿ. ಅಲ್ಲಿ ನೋಡಾಕ ಏನೂ ಇಲ್ರಿ."

ನಾನು ಕೈಯಲ್ಲಿದ್ದ ಬಿದಿರು ಗಳವನ್ನು ಅವರು ಕಾಲಿಡಲಿದ್ದ ಜಾಗಕ್ಕೆ ಇಳಿಸಿದೆ. ಗಳ ಇಳಿಯುತ್ತಲೇ ಹೋಯಿತು. ನನ್ನ ಮುಷ್ಟಿ ನೀರಿಗೆ ತಾಗಿತು. ತಳ ಮಾತ್ರ ತಾಗಲಿಲ್ಲ. ಹಿರಿಯ ಸದಸ್ಯರು ಧೋತರವನ್ನು ಕೆಳಗೆ ಬಿಡುವುದನ್ನೂ ಮರೆತು ನಿಂತರು. ಯಾರೂ ಚಹಾ ಕೇಳಲಿಲ್ಲ.

ಮುಂದಿನ ಸಭೆಯಲ್ಲಿ ಠರಾವು ಆಯಿತು. ದಾರಿ, ಬದು, ಕಾಲುವೆಗಳ ಪಕ್ಕದಲ್ಲಿ ಅಗೆಯದೆ ಬಿಟ್ಟ ನೆಲ ಇರಬೇಕು. ಮಳೆಗೆ ಮುಂಚೆ ಕುಣಿಗೆ ಬೇಲಿ ಆಗಬೇಕು. ಇಲ್ಲದಿದ್ದರೆ ಮುಂದಿನ ಬೇಸಿಗೆಗೆ ಅಲ್ಲಿ ಅಗೆಯಲು ಪಂಚಾಯ್ತಿಯ ಒಪ್ಪಿಗೆ ಇಲ್ಲ. ಪರವಾಗಿ ಕೈ ಎತ್ತಿದವರಲ್ಲಿ ಹಿರಿಯ ಸದಸ್ಯರೂ ಇದ್ದರು, ನನ್ನ ಕಡೆ ನೋಡಲಿಲ್ಲ ಅಷ್ಟೇ. ನಮ್ಮ ಕುಣಿಗೆ ಬೇಲಿ ಅಷ್ಟರಲ್ಲೇ ಆಗಿತ್ತು. ತಪಾಸಣೆಯ ಮರುದಿನವೇ ಭಾವ ತಾವೇ ಬಿದಿರು ಕಡಿದು ತಂದು ಗೂಟ ಬಡಿದಿದ್ದರು.

ಎಲ್ಲ ಭಟ್ಟಿಯವರೂ ಠರಾವಿಗೆ ಕಿವಿಗೊಡಲಿಲ್ಲ. ಅದಕ್ಕೇ ಆಮೇಲಿನ ಪ್ರತಿ ವರ್ಷ ಜೂನಿನಲ್ಲಿ ಮಿರಗದ ಮಳೆ ಹಿಡಿಯುವ ಮುಂಚೆ ನಾವು ಹೆಂಗಸರು ಗಳ ಹಿಡಿದು ದಾರಿಗಳನ್ನೆಲ್ಲ ನಡೆದು ನೋಡಿದೆವು. ಬೇಲಿ ಇಲ್ಲದ ಕುಣಿ ಕಂಡರೆ ನಾನು ಮರುದಿನ ಬೆಳಗಾವಿಯ ಬಸ್ಸಿನಲ್ಲಿರುತ್ತಿದ್ದೆ.

ಬದುವಿನ ಮೇಲೆ ನಾನೇ ಮುಂದೆ ಹೋಗುತ್ತೇನೆಂದು ಮೊದಲ ವರ್ಷವೇ ಹಟ ಹಿಡಿದಿದ್ದೆ. ನೆಗೆಣ್ಣಿ ಗಳ ಕಸಿದುಕೊಂಡಳು.

"ನೀ ಠರಾವು ಮಾಡಾಕಿ. ದಾರಿ ನಾ ನೋಡತೇನಿ, ಬಾ ಹಿಂದ."

ಅವಳು ಗಳ ಊರಿದಳು. ನೆಲ ಗಟ್ಟಿಯಿತ್ತು. ನಾನು ಅವಳ ಸೆರಗಿನ ತುದಿಯನ್ನು ಕೈಗೆ ಸುತ್ತಿಕೊಂಡು ಹಿಂದೆ ನಡೆದೆ.