ಚುಕ್ಕಿಯ ಆಚೆಗಿನ ಗುಂಟೆ

ವೆಬ್ ಸರ್ವಿಸ್ ಬಂದ ಮೇಲೆ ಯಾವ ಸಾಫ್ಟ್‌ವೇರ್ ಬೇಕಾದರೂ ಯಾವುದರ ಜೊತೆಗಾದರೂ ಮಾತಾಡಬಲ್ಲದು ಎಂದು ನಮ್ಮ ಕಾಲೇಜಿನ ಪಠ್ಯದಲ್ಲಿ ಬರೆದಿತ್ತು. ಓದಿದ ಕೂಡಲೇ ನನಗೆ ಅನುಮಾನ ಬಂತು. ಮಾತಾಡುವುದು ಸರಿ, ಅರ್ಥವಾಗುತ್ತದೆ ಅಂತ ಎಲ್ಲಿ ಹೇಳಿದ್ದಾರೆ? ಈ ಪ್ರಶ್ನೆ ಕೇಳಿದ್ದಕ್ಕೆ ಮೇಷ್ಟ್ರು, "ಇದು ಚರ್ಚಾಸ್ಪರ್ಧೆ ಅಲ್ಲವ್ವಾ, ಕೂಡ್ರು" ಅಂದಿದ್ದರು. ಚರ್ಚಾಸ್ಪರ್ಧೆಗಳಲ್ಲಿ ಮಾತಾಡಿಯೇ ಬೆಳೆದವಳು ನಾನು. ವಿಷಯ ಕೊಟ್ಟ ತಕ್ಷಣ ಅದರ ಪರವೋ ವಿರೋಧವೋ ಎನ್ನುವುದಕ್ಕಿಂತ ಮೊದಲು, ಅದರಲ್ಲಿರುವ ಪ್ರತಿ ಶಬ್ದಕ್ಕೂ ನೀವು ಯಾವ ಅರ್ಥ ಹಚ್ಚಿದ್ದೀರಿ ಎಂದು ಎದುರಿನವರನ್ನು ಕೇಳುವುದು ನನ್ನ ರೂಢಿ. ಇದರಿಂದ ಬಹುಮಾನದ ಕಪ್ಪುಗಳು ಬಂದವು, ಗೆಳೆಯರು ಕಡಿಮೆಯಾದರು.

ಓದು ಮುಗಿಸಿ ಚಿಕ್ಕೋಡಿಯಲ್ಲಿ ಅಕ್ಕನ ಬಳಿ ಕೆಲಸಕ್ಕೆ ಸೇರಿದೆ. ಒಡಹುಟ್ಟಿದ ಅಕ್ಕ ಅಲ್ಲ. ಅವರನ್ನು ಎಲ್ಲರೂ ಅಕ್ಕ ಎಂದೇ ಕರೆಯುತ್ತಿದ್ದರು. ಏಕಸಂಬಿಯ ಜೈನ ಒಕ್ಕಲು ಮನೆತನದವರು. ಪಂಪ್‌ಸೆಟ್ ಮೋಟರ್ ಸುತ್ತಿಕೊಡುವ ಅಂಗಡಿಯ ಮೇಲಿನ ಮಹಡಿಯಲ್ಲಿ ಎರಡು ಕೋಣೆಯ ಆಫೀಸು. ಹೊತ್ತು ಮುಳುಗುವುದರೊಳಗೆ ಅಕ್ಕ ಊಟ ಮುಗಿಸಬೇಕಾಗಿದ್ದರಿಂದ ಸಂಜೆಯಾಗುತ್ತಲೇ ನಮ್ಮ ಆಫೀಸಿಗೆ ಬೀಗ ಬೀಳುತ್ತಿತ್ತು. ಸಾಫ್ಟ್‌ವೇರ್ ಮಂದಿಯಲ್ಲಿ ಇಷ್ಟು ಹೊತ್ತಿಗೆ ಸರಿಯಾಗಿ ಮನೆ ಸೇರುತ್ತಿದ್ದವಳು ಆ ಕಾಲದಲ್ಲಿ ನಾನೊಬ್ಬಳೇ ಇರಬೇಕು.

ಅಕ್ಕ ಒಬ್ಬರೇ ಕೂತು ಹಲವು ವರ್ಷ ಕಟ್ಟಿದ ಒಂದು ಸಾಫ್ಟ್‌ವೇರ್ ಇತ್ತು. ಕಾಗವಾಡದ ಕಡೆಯ ಒಂದು ಸಕ್ಕರೆ ಕಾರ್ಖಾನೆಗೆ ಚಿಕ್ಕೋಡಿ, ಅಥಣಿ, ರಾಯಬಾಗ ತಾಲೂಕುಗಳ ರೈತರು ತಮ್ಮ ಕಬ್ಬನ್ನು ಅದರಲ್ಲಿ ನೋಂದಾಯಿಸುತ್ತಿದ್ದರು. ಪರದೆ ಪೂರ್ತಿ ಕನ್ನಡ. ರೈತರು ನೋಂದಣಿ ಕಿಟಕಿಯ ಆಚೆಯಿಂದಲೇ ಬಗ್ಗಿ ನೋಡಿ, "ತಳಿ ತಪ್ಪ ಹಾಕೀರಿ ನೋಡ್ರಿ" ಎಂದು ಹೇಳುವಷ್ಟು ದೊಡ್ಡ ಅಕ್ಷರ. ಕಾರ್ಖಾನೆಯವರು ಆ ವರ್ಷ ಇನ್ನೊಂದು ಸಾಫ್ಟ್‌ವೇರ್ ತಂದರು. ಅದು ನಿಪ್ಪಾಣಿಯಿಂದ ಬಂದದ್ದು. ಯಾವ ಹೊಲಕ್ಕೆ ಯಾವಾಗ ಕಬ್ಬು ಕಡಿಯುವ ಗ್ಯಾಂಗ್ ಹೋಗಬೇಕು, ಎಷ್ಟು ಲಾರಿ ಬೇಕು ಎಂದು ತೀರ್ಮಾನಿಸುವಂಥದ್ದು. ಮಹಾರಾಷ್ಟ್ರದ ಬದಿಯ ಕಾರ್ಖಾನೆಗಳಲ್ಲಿ ಆಗಲೇ ಓಡುತ್ತಿತ್ತು. ಮಾಡಿದವರನ್ನು ನಾವು ದಾದಾ ಎನ್ನುತ್ತಿದ್ದೆವು. ಮರಾಠಿ ಮನೆಮಾತಿನವರು, ಕನ್ನಡವನ್ನು ಸರಾಗವಾಗಿ ಆಡುವವರು, ಫೋನಿನಲ್ಲಿ ಎರಡನ್ನೂ ಒಂದೇ ಉಸಿರಿಗೆ ಬೆರೆಸುವವರು.

ಕಾರ್ಖಾನೆಯ ಕಬ್ಬು ವಿಭಾಗದ ಸಾಹೇಬರು ಅಕ್ಕನಿಗೆ ಸೀದಾ ಹೇಳಿದ್ದರು: "ನೋಡ್ರಿ ಅಕ್ಕಾರ, ಎರಡೂ ಒಂದಕ್ಕೊಂದು ಕೂಡಬೇಕು. ಹಂಗಾಮ ಚಾಲೂ ಆಗೂ ಬಾಯ್ಲರ್ ಪೂಜಾದೊಳಗ ಕೂಡಿದ್ರ ಭೇಷ್. ಇಲ್ಲಾಂದ್ರ ನೋಂದಣಿನೂ ನಿಪ್ಪಾಣಿಯವ್ರಿಗೇ ಕೊಡ್ತೀವಿ. ಎರಡು ಸಂಸಾರ ನನ್ನ ಕೈಲೆ ಆಗೂದಿಲ್ಲ."

ನೋಂದಣಿ ಹೋದರೆ ಅಕ್ಕನ ಸಾಫ್ಟ್‌ವೇರ್ ಹೋಯಿತು, ಅದರ ಜೊತೆಗೆ ಆ ಕನ್ನಡದ ಪರದೆಯೂ. ದಾದಾ ಅವರದರಲ್ಲಿ ಇದ್ದದ್ದು ಇಂಗ್ಲಿಷು, ಮರಾಠಿ ಮಾತ್ರ.

ಅಕ್ಕನದು ಜಾವಾದಲ್ಲಿ ಬರೆದದ್ದು, ದಾದಾ ಅವರದು ಡಾಟ್‌ನೆಟ್‌ನಲ್ಲಿ. ನಡುವೆ ವೆಬ್ ಸರ್ವಿಸ್. ಇದರಲ್ಲಿ ಎರಡೂ ಕಡೆಯವರು ಮೊದಲು ಒಂದು ಕರಾರು ಬರೆಯುತ್ತಾರೆ. ಏನು ಕೇಳಬಹುದು, ಏನು ಉತ್ತರ ಬರುತ್ತದೆ, ಯಾವ ಮಾಹಿತಿ ಅಕ್ಷರ, ಯಾವುದು ಸಂಖ್ಯೆ, ಯಾವುದು ದಿನಾಂಕ ಎಂಬುದೆಲ್ಲ ಆ ಒಂದು ಫೈಲಿನಲ್ಲಿರುತ್ತದೆ. ಕರಾರು ಒಂದೇ ಆದರೂ ಅದನ್ನು ಓದುವ ಫ್ರೇಮ್‌ವರ್ಕ್‌ಗಳು ಬೇರೆ ಬೇರೆ, ಅವುಗಳ ಸ್ವಭಾವವೂ ಬೇರೆ. ಖಾಲಿ ಬಿಟ್ಟ ಜಾಗವನ್ನು ಒಂದು "ಇಲ್ಲ" ಎಂದು ಓದಿದರೆ ಇನ್ನೊಂದು "ಸೊನ್ನೆ" ಎಂದು ಓದುತ್ತಿತ್ತು. ಕನ್ನಡದ ಹೆಸರುಗಳು ನಿಪ್ಪಾಣಿ ಮುಟ್ಟುವಷ್ಟರಲ್ಲಿ ಪ್ರಶ್ನಾರ್ಥಕ ಚಿಹ್ನೆಗಳ ಸಾಲಾಗುತ್ತಿದ್ದವು. ನಾನು ಖುಷಿಯಾಗಿದ್ದೆ. ಪಠ್ಯಪುಸ್ತಕದ ವಿರುದ್ಧ ದಿನಕ್ಕೊಂದು ಸಾಕ್ಷಿ ಸಿಗುತ್ತಿತ್ತು.

"ನಿನಗ ಇದು ಕೂಡಬೇಕಾಗೇತೋ, ಮುರೀಬೇಕಾಗೇತೋ?" ಅಕ್ಕ ಒಮ್ಮೆ ಕೇಳಿದರು.

"ಯಾಕ ಕೂಡವಲ್ದು ಅಂತ ಗೊತ್ತಾಗಬೇಕಾಗೇತಿ ಅಕ್ಕಾ."

"ಅದನ್ನ ಮದಿವಿ ಆದಮ್ಯಾಲ ಕೇಳ್ಕೊ. ಮೊದಲ ಕೂಡಸು."

ಒಂದೊಂದಾಗಿ ಕೂಡಿಸಿದೆವು. ಹೊಲದ ಕ್ಷೇತ್ರವನ್ನು, ಅಂದರೆ ವಿಸ್ತೀರ್ಣವನ್ನು, ಚುಕ್ಕಿ ಇಟ್ಟ ಒಂದೇ ಸಂಖ್ಯೆಯಾಗಿ ಕಳಿಸುವ ಸಾಲಿಗೆ ಬಂದಾಗ ಅಕ್ಕ ತಾವಾಗಿಯೇ ದಾದಾಗೆ ಫೋನ್ ಹಚ್ಚಿದ್ದು ನನಗೆ ಚೆನ್ನಾಗಿ ನೆನಪಿದೆ. ನಾನು ಪಕ್ಕದಲ್ಲೇ ಇದ್ದೆ, ಸ್ಪೀಕರ್ ಹಾಕಿದ್ದರು.

"ದಾದಾ, ಕ್ಷೇತ್ರದಾಗ ಚುಕ್ಕಿ ಮುಂದ ಬರೂದು ಗುಂಟೆ ಅಲ್ರಿ?"

"ಹೋ ಹೋ, ಗುಂಠಾಚ್. ದುಸ್ರಂ ಕಾಯ್ ಅಸಣಾರ್, ಬ್ಯಾರೆ ಏನಿರ್ತೈತಿ? ನಿಮ್ಮದೂ ಹಂಗ ಐತೆಲ್ಲ?"

"ನಮ್ದೂ ಹಂಗ ಐತ್ರಿ."

ಶಬ್ದದ ಅರ್ಥವನ್ನು ಮೊದಲೇ ಕೇಳಿಕೊಂಡದ್ದಕ್ಕೆ ನಾನು ಅಕ್ಕನನ್ನು ಮನಸ್ಸಿನಲ್ಲೇ ಮೆಚ್ಚಿದೆ. ಏಕಸಂಬಿಯ ಕೆಲವು ಸಣ್ಣ ಹೊಲಗಳನ್ನು ಆರಿಸಿ ಕಳಿಸಿ ನೋಡಿದೆವು. ಇಪ್ಪತ್ತು ಗುಂಟೆ, ಮೂವತ್ತು ಗುಂಟೆ, ಮೂವತ್ತೈದು. ಎಷ್ಟು ಕಬ್ಬು ಬಂದೀತು ಎಂಬ ಅಂದಾಜು ಅತ್ತಲಿಂದ ಮರಳಿ ಬಂತು. ಅಕ್ಕ ಬಾಯಿಲೆಕ್ಕ ಹಾಕಿ ನೋಡಿ ತಲೆ ಆಡಿಸಿದರು. ಎಲ್ಲವೂ ಸರಿ ಇತ್ತು.

ಬಾಯ್ಲರ್ ಪೂಜೆಗೆ ಇನ್ನೊಂದು ವಾರ ಇರುವಾಗ ಕಾರ್ಖಾನೆಯಲ್ಲಿ ಪರೀಕ್ಷೆ. ಅಕ್ಕ, ನಾನು ಬಸ್ಸಿನಲ್ಲಿ ಕೃಷ್ಣಾ ದಾಟಿ ಹೋದೆವು. ಸಾಹೇಬರು ಕನ್ನಡಕ ಏರಿಸಿಕೊಂಡು, ಐಗಳಿಯ ರೈತರೊಬ್ಬರ ಹೊಲ ತೆಗೆಯಲು ಹೇಳಿದರು. ಎರಡು ಎಕರೆ ಹತ್ತು ಗುಂಟೆ. ಅಕ್ಕನ ಪರದೆಯ ಮೇಲೆ ಎರಡು, ಚುಕ್ಕಿ, ಹತ್ತು. ಗುಂಡಿ ಒತ್ತಿದೆ. ಅತ್ತಲಿಂದ ಬಂದ ಉತ್ತರದಲ್ಲಿ ಐದು ಎಕರೆಗೂ ಮಿಕ್ಕಿ ಬೆಳೆಯುವಷ್ಟು ಕಬ್ಬು, ಅದಕ್ಕೆ ತಕ್ಕ ಲಾರಿಗಳು.

ಸಾಹೇಬರು ಪರದೆಯನ್ನೇ ನೋಡಿದರು. "ಇಷ್ಟ ಕಬ್ಬು ಎಲ್ಲಿ ಬೆಳದಾರ್ರಿ? ಮಾಳಗಿ ಮ್ಯಾಲ ಹಚ್ಯಾರೇನ?"

ಇನ್ನೊಂದು ತೆಗೆಸಿದರು. ಮೂವತ್ತು ಗುಂಟೆಯದು, ಸರಿಯಾಗಿ ಬಂತು. ಮತ್ತೊಂದು, ಮೂರು ಎಕರೆಯದು. ಎರಡೂವರೆ ಪಟ್ಟು ಉಬ್ಬಿಕೊಂಡು ಬಂತು. ಸಾಹೇಬರು ನಗತೊಡಗಿದರು. ನಗು ಒಳ್ಳೆಯ ಲಕ್ಷಣವಾಗಿರಲಿಲ್ಲ.

"ಸಣ್ಣೋರ್ದು ಸಣ್ಣದ ಐತಿ, ದೊಡ್ಡೋರ್ದು ಇನ್ನಾ ದೊಡ್ಡದಾಗಾಕತ್ತೇತಿ. ಅಕ್ಕಾರ, ಸಾಫ್ಟ್‌ವೇರಿಗೂ ರಾಜಕಾರಣ ಕಲಿಸೀರಿ ಬಿಡ್ರಿ!" ಆಮೇಲೆ ಕನ್ನಡಕ ತೆಗೆದರು. "ಪೂಜಾದ ಹಿಂದಿನ ದಿನ ಬರ್ರಿ. ಅವತ್ತೂ ಹಿಂಗ ಆತಂದ್ರ, ಬ್ಯಾಸರ ಮಾಡ್ಕೋಬ್ಯಾಡ್ರಿ."

ಬಸ್ಸಿನಲ್ಲಿ ಅಕ್ಕ ಅಂಕಿಗಳನ್ನು ಟಿಕೆಟ್ಟಿನ ಹಿಂದೆ ಬರೆದು ಕೂಡಿಸಿ ನೋಡಿದರು. ಆಮೇಲೆ, ಇದು ಫ್ರೇಮ್‌ವರ್ಕಿನ ತೊಂದರೆಯೇ, ಒಂದರ ದಶಮಾಂಶ ಇನ್ನೊಂದಕ್ಕೆ ಹೊಂದುತ್ತಿಲ್ಲ ಎಂದರು.

"ಫ್ರೇಮ್‌ವರ್ಕಿಗೆ ಯಾರ ಹೊಲ ಎಕರೆ ದಾಟೇತಿ ಅಂತ ಹೆಂಗ ಗೊತ್ತಾಗ್ತೈತಿ ಅಕ್ಕಾ? ಅದು ಅಷ್ಟ ಶಾಣ್ಯಾ ಇಲ್ಲ."

"ಮತ್ತ ಯಾರು ಶಾಣ್ಯಾ, ನೀನಾ?"

"ನಾನೂ ಅಲ್ಲ. ಆದ್ರ ಎಕರೆ ದಾಟಿದ ಕೂಡ್ಲೆ ಕೆಡತೈತಿ. ಅಲ್ಲೇ ಏನೋ ಐತಿ."

ನನ್ನೊಳಗೆ ಸೋಲಿನ ಬೇಸರಕ್ಕಿಂತ ಕುತೂಹಲ ಹೆಚ್ಚಾಗಿತ್ತು. ಅಕ್ಕನ ಎದುರು ಅದನ್ನು ಮುಖದ ಮೇಲೆ ತೋರದ ಹಾಗೆ ಕಿಟಕಿಯ ಕಡೆ ತಿರುಗಿ ಕೂತೆ. ತಪ್ಪುಗಳು ಸಾಮಾನ್ಯವಾಗಿ ಎಲ್ಲರಿಗೂ ಒಂದೇ ಥರ ಬೀಳುತ್ತವೆ. ಈ ತಪ್ಪು ಮಾತ್ರ ಆರಿಸಿ ಆರಿಸಿ ಬೀಳುತ್ತಿತ್ತು.

ಮಾರನೆಯ ದಿನ ನಮ್ಮ ಕಡೆಯ ಹೊಲಗಳ ಅಂಕಿಗಳನ್ನೂ, ದಾದಾ ಮಾದರಿಗೆಂದು ಕಳಿಸಿದ್ದ ಗಡಿಯಾಚೆಯ ಹೊಲಗಳ ಅಂಕಿಗಳನ್ನೂ ಪಕ್ಕಪಕ್ಕ ತೆರೆದು ಸುಮ್ಮನೆ ನೋಡುತ್ತ ಕೂತೆ. ನಮ್ಮದರಲ್ಲಿ ಚುಕ್ಕಿಯ ನಂತರ ಮೂವತ್ತೊಂಬತ್ತನ್ನು ದಾಟಿದ ಒಂದೂ ಅಂಕಿ ಇರಲಿಲ್ಲ. ಅವರದರಲ್ಲಿ ಐವತ್ತೈದು, ಎಪ್ಪತ್ತೆರಡು, ತೊಂಬತ್ತು ಎಲ್ಲವೂ ಇದ್ದವು.

"ಅಕ್ಕಾ, ಎಕರೆಕ್ಕ ಎಷ್ಟ ಗುಂಟೆ?"

ಅಕ್ಕ ನನ್ನನ್ನು ನೋಡಿದ ನೋಟ ಹೇಳತೀರದು. "ಇಂಜಿನಿಯರಿಂಗ್ ಮಾಡಿ ಇಷ್ಟೂ ಗೊತ್ತಿಲ್ಲೇನ ಬೇ? ನಲವತ್ತು."

"ಪಾಲಬಾವ್ಯಾಗ ನಮ್ಮನಿ ಬಾಗಲಾ ತಗದ್ರ ಮುಂದಿಂದೆಲ್ಲಾ ಮಂದಿ ಹೊಲ. ಅಪ್ಪಾಂದು ಬಸ್ ಡಿಪೋದಾಗ ನೌಕರಿ. ನಾವ್ಯಾಕ ಗುಂಟೆ ಎಣಿಸೂಣು?" ಅಂದೆ. "ಅದಿರ್ಲಿ. ನಲವತ್ತಕ್ಕ ಎಕರೆ ಆಗಿಬಿಡತೈತಿ ಅಂದಮ್ಯಾಲ, ಈ ಎಪ್ಪತ್ತೆರಡು ಗುಂಟೆ ಎಲ್ಲಿಂದ ಬಂತು?"

ಅಕ್ಕ ಕುರ್ಚಿ ಎಳೆದುಕೊಂಡು ಬಂದು ಕೂತರು. ಒಮ್ಮೆ ನೋಡಿದರು. ಫೋನ್ ಹಚ್ಚಿದರು.

"ದಾದಾ, ನಿಮ್ಮ ಗುಂಠಾ ಎಷ್ಟ ಕೂಡಿದ್ರ ಚುಕ್ಕಿ ಹಿಂದಿನ ಒಂದು ಆಕ್ಕೈತ್ರಿ?"

"ಶಂಭರ್. ನೂರು."

"ನೂರು ಗುಂಟೆಕ್ಕ ಒಂದ ಎಕರೇನ?"

"ಎಕರ್?" ಆ ಕಡೆ ದಾದಾ ಕುರ್ಚಿಯಿಂದ ಎದ್ದ ಸದ್ದು ಕೇಳಿಸಿತು. "ಎಕರ್ ಕುಠೂನ್ ಆಲಾ, ಎಲ್ಲಿಂದ ಬಂತು? ಹೆಕ್ಟರ್ ಹೋ, ಹೆಕ್ಟರ್!"

ಮೂವರೂ ಒಮ್ಮೆಗೇ ಮಾತಾಡಿದೆವು.

ಗಡಿಯ ಆಚೆ ಮಹಾರಾಷ್ಟ್ರದಲ್ಲಿ ಹೊಲದ ಉತಾರದಲ್ಲಿ, ಅಂದರೆ ಪಹಣಿಯಲ್ಲಿ, ಕ್ಷೇತ್ರವನ್ನು ಬರೆಯುವುದು ಹೆಕ್ಟೇರ್ ಮತ್ತು ಆರ್ ಎಂದು. ನೂರು ಆರ್ ಸೇರಿದರೆ ಒಂದು ಹೆಕ್ಟೇರ್. ಆದರೆ ಒಂದು ಆರ್ ಎಂದರೆ ಹೆಚ್ಚೂಕಡಿಮೆ ನಮ್ಮ ಒಂದು ಗುಂಟೆಯಷ್ಟೇ ನೆಲ. ಹೀಗಾಗಿ ಕಾಗದದಲ್ಲಿ ಆರ್ ಬಂದ ಮೇಲೂ ಜನ ಬಾಯಲ್ಲಿ ಹಳೆಯ ಗುಂಟೆಯನ್ನೇ ಉಳಿಸಿಕೊಂಡಿದ್ದರು. ಅಕ್ಕ ಕೇಳಿದ್ದು ಸರಿಯಾದ ಪ್ರಶ್ನೆ, ದಾದಾ ಕೊಟ್ಟದ್ದು ಪ್ರಾಮಾಣಿಕ ಉತ್ತರ. ಚುಕ್ಕಿಯ ಮುಂದಿನದು ಇಬ್ಬರಿಗೂ ಗುಂಟೆಯೇ. ಚುಕ್ಕಿಯ ಹಿಂದಿನದು ಒಬ್ಬರಿಗೆ ಎಕರೆ, ಒಬ್ಬರಿಗೆ ಹೆಕ್ಟೇರ್. ಅದನ್ನು ಕೇಳುವ ಅಗತ್ಯ ಇಬ್ಬರಿಗೂ ಕಂಡಿರಲಿಲ್ಲ. ಚುಕ್ಕಿಯ ಹಿಂದೆ ಸೊನ್ನೆ ಇರುವ ತನಕ, ಅಂದರೆ ಎಕರೆಯೊಳಗಿನ ಹೊಲಗಳಿಗೆ, ಯಾವ ತೊಂದರೆಯೂ ಇಲ್ಲ. ನಾವು ಪರೀಕ್ಷೆಗೆ ಆರಿಸಿಕೊಂಡದ್ದು ಬರೀ ಅಂಥವನ್ನೇ.

ಎರಡೂ ಬದಿಯ ಭಾಷೆ ಬಲ್ಲವರ ನಡುವೆಯೇ ಆಗಬಹುದಾದ ತಪ್ಪು ಇದು ಎಂದು ನನಗೆ ಆಗ ಅನಿಸಿತು, ಈಗಲೂ ಅನಿಸುತ್ತದೆ. ಒಬ್ಬರಿಗೆ ಇನ್ನೊಬ್ಬರ ಮಾತು ತಿಳಿಯದಿದ್ದರೆ "ಗುಂಟೆ ಅಂದರೇನು" ಎಂದು ಕೇಳಿರುತ್ತಿದ್ದರು.

ಯಾರು ಬದಲಾಗಬೇಕು ಎಂಬ ಜಗಳ ಶುರುವಾಯಿತು. ದಾದಾ ತಮ್ಮ ಕರಾರು ಮುಟ್ಟುವ ಹಾಗಿರಲಿಲ್ಲ. ಉಳಿದ ಕಾರ್ಖಾನೆಗಳೂ ಅದನ್ನೇ ಬಳಸುತ್ತಿದ್ದವು. ನಾವೇ ಹೆಕ್ಟೇರಿಗೆ ಹೋಗೋಣ ಎಂದು ನಾನು ವಾದಿಸಿದೆ.

"ಐಗಳಿ ಮಂದಿಗೆ ನಿಮ್ದು ಪಾಯಿಂಟ್ ತೊಂಬತ್ತೊಂದು ಹೆಕ್ಟರ್ ಐತಿ ಅಂತ ಹೇಳ್ತೀಯೇನ?" ಅಕ್ಕನ ದನಿ ಏರಿತು. "ಎದ್ದು ಹೊಕ್ಕಾರ. ಹೊಲಾ ಕಸಗೊಂಡ್ರು ಅಂತಾರ. ಅವ್ರಿಗೆ ತಿಳೀಲಿ ಅಂತನ ಇದನ್ನ ಮಾಡೇನಿ ನಾನು."

ಕೊನೆಗೆ ಅಕ್ಕ ನಡುವೆ ಕೂರುವ ಮೂರನೆಯ ಒಂದು ಸಣ್ಣ ಪ್ರೋಗ್ರಾಂ ಬರೆಯಲು ಕೂತರು. ಇತ್ತಲಿಂದ ಎಕರೆ, ಗುಂಟೆಯನ್ನು ಬೇರೆ ಬೇರೆಯಾಗಿ ತೆಗೆದುಕೊಂಡು, ನಿಜವಾದ ಅಳತೆ ಹಾಕಿ, ಅತ್ತ ಹೆಕ್ಟೇರಿನಲ್ಲಿ ಕೊಡುವುದು. ಬರುವಾಗ ಅದರ ಉಲ್ಟಾ. ಈಗ ತಪ್ಪಾದರೆ ದೂರಲು ಎರಡರ ಬದಲು ಮೂರು ಆದವಲ್ಲ ಎಂದು ನಾನು ಕೊಂಕು ತೆಗೆದೆ.

"ಅದಕ್ಕ ನಿನ್ನ ಇಟ್ಕೊಂಡೇನಿ. ಅದರ ಮುಂದ ಕುಂತು ಜಗಳಾಡು," ಎಂದರು ಅಕ್ಕ. ಜಗಳಾಡಿದೆ. ಸಣ್ಣದು, ದೊಡ್ಡದು, ಸೊನ್ನೆ, ಸರಿಯಾಗಿ ಒಂದು ಎಕರೆ, ತೋಚಿದ್ದನ್ನೆಲ್ಲ ಕೊಟ್ಟು ಬೀಳಿಸಲು ನೋಡಿದೆ. ಬೀಳಲಿಲ್ಲ.

ಪೂಜೆಯ ಹಿಂದಿನ ದಿನ ಮತ್ತೆ ಹೋದೆವು. ಐಗಳಿಯ ಹೊಲ ಸರಿಯಾಗಿ ಬಂತು, ಮೂರು ಎಕರೆಯದೂ ಬಂತು. ಸಾಹೇಬರಿಗೆ ಅಷ್ಟಕ್ಕೆ ತೃಪ್ತಿಯಾಗಲಿಲ್ಲ.

"ನನ್ನ ಹೊಲಾ ಹಾಕ್ರಿ. ಗಡಿ ಈ ಕಡೆ ಮೂರು ಎಕರೆ ಹತ್ತು ಗುಂಟೆ ಐತಿ. ಆ ಕಡೆ ಅರವತ್ತು ಗುಂಟೆ. ಒಟ್ಟ ಎಷ್ಟಂತೈತಿ ನೋಡೂನು."

ಆಚೆಯದನ್ನು ದಾದಾ ಅವರ ಕಡೆಯಿಂದ ಉತಾರದಲ್ಲಿ ಇದ್ದಂತೆ ಅರವತ್ತು ಆರ್ ಎಂದು ತರಿಸಿದೆವು. ಪರದೆಯ ಮೇಲೆ ಕನ್ನಡದಲ್ಲಿ ಮೂಡಿತು: ನಾಲ್ಕು ಎಕರೆ ಇಪ್ಪತ್ತೊಂಬತ್ತು ಗುಂಟೆ.

"ತಪ್ಪಾತು," ಸಾಹೇಬರು ಮೇಜಿನ ಮೇಲೆ ಬೆರಳು ಊರಿದರು. "ನಾಲ್ಕ ಎಕರೆ ಮೂವತ್ತು ಆಗಬೇಕು. ಒಂದ ಗುಂಟೆ ಎಲ್ಲಿ ಹೋತು?"

ಅಕ್ಕ ಪರದೆಯ ಕಡೆ ಬಗ್ಗಿದರು. ನನಗೆ ತಡೆಯಲಾಗಲಿಲ್ಲ. "ಸಾಹೇಬ್ರ, ಆ ಕಡೆದ್ದು ಗುಂಟೆ ಅಂತ ಯಾರ ಹೇಳಿದ್ರು?"

"ಎಲ್ಲಾರೂ ಗುಂಟೆನ ಅಂತಾರ."

"ಅನ್ನೂದು ಬ್ಯಾರೆ, ಇರೂದು ಬ್ಯಾರೆ ಅಲ್ರಿ?" ಅಕ್ಕ ಮೇಜಿನ ಕೆಳಗೆ ನನ್ನ ಕಾಲು ತುಳಿದರು. ಆದರೂ ನಿಲ್ಲಿಸಲಿಲ್ಲ. "ಉತಾರದಾಗ ಆರ್ ಐತ್ರಿ. ಅದು ಗುಂಟೆಗಿಂತ ಒಂಚೂರು ಸಣ್ಣದು. ಒಂದೊಂದರಾಗ ಗೊತ್ತಾಗೂದಿಲ್ಲ. ಅರವತ್ತು ಕೂಡಿದ್ರ ಗುಂಟೆದಾಗ ಬರೂದು ಐವತ್ತೊಂಬತ್ತ ಚಿಲ್ಲರ. ಚಿಲ್ಲರ ನಾವು ತೋರಸಂಗಿಲ್ರಿ."

ಸಾಹೇಬರು ಕ್ಯಾಲ್ಕುಲೇಟರ್ ಎಳೆದುಕೊಂಡರು. ಅಕ್ಕ ಮೆಲ್ಲಗೆ ಅಳತೆ ಹೇಳುತ್ತ ಹೋದರು, ಅವರು ಒತ್ತುತ್ತ ಹೋದರು. ಒಮ್ಮೆ ಅಳಿಸಿ ಮತ್ತೆ ಒತ್ತಿದರು. ನೋಡಿದರು.

"ಅಂದ್ರ, ಅಪ್ಪ ಪಾಲು ಮಾಡಿದಾಗ..." ಎಂದು ತಮ್ಮಷ್ಟಕ್ಕೇ ಶುರು ಮಾಡಿ, ನಮ್ಮ ಕಡೆ ತಿರುಗಿದರು. "ನಮ್ಮಣ್ಣಂದೂ ನಾಲ್ಕ ಎಕರೆ ಮೂವತ್ತು ಗುಂಟೆನ. ಸಮಾ ಸಮಾ ಅಂತ ಹಂಚಿದ್ದು. ಆದ್ರ ಅವಂದು ಪೂರಾ ಈ ಕಡೇನ ಐತಿ, ಅವಂಗ ಒಂದ ಗುಂಟೆನೂ ಕಮ್ಮಿ ಬಿದ್ದಿಲ್ಲ!"

ಅಕ್ಕ, ನಾನು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಸಾಹೇಬರು ಕಿಸೆಯಿಂದ ಮೊಬೈಲ್ ತೆಗೆದು ನಂಬರ್ ಒತ್ತಿದರು. ಕಿವಿಗೆ ಹಿಡಿದುಕೊಂಡೇ ಅಕ್ಕನ ಕಡೆ ಕೈ ಬೀಸಿದರು.

"ನಾಳೆ ಪೂಜಾ ಆದ ಕೂಡ್ಲೆ ಚಾಲೂ ಮಾಡ್ರಿ ಅಕ್ಕಾರ. ನೋಂದಣಿ ನಿಮ್ಮ ಕಡೇನ ಇರ್ಲಿ." ಅಷ್ಟರಲ್ಲಿ ಆ ಕಡೆ ಯಾರೋ ಎತ್ತಿಕೊಂಡರು. "ಹಲೋ, ಅಣ್ಣಾ? ಉಣ್ಣಾಕತ್ತೀಯೇನ? ಉಣ್ಣು ಉಣ್ಣು. ಒಂದ ಗುಂಟೆ ಮಾತು ಇತ್ತು."